ಉಪ್ಪರಿಗೆಯ ಹುಡುಗಿ, ಉಡುತಡಿಯ ಹುಡುಗಿ

ಪುಸ್ತಕ ತೆರೆಯದವರಿಗೂ ಗೊತ್ತಿರುವ ದೃಶ್ಯಗಳು ಪ್ರಪಂಚದ ಸಾಹಿತ್ಯದಲ್ಲಿ ಕೆಲವೇ ಕೆಲವು. ಬೆಳದಿಂಗಳ ರಾತ್ರಿ, ಮೇಲೆ ಉಪ್ಪರಿಗೆಯಲ್ಲಿ ಒಬ್ಬ ಹುಡುಗಿ, ಕೆಳಗೆ ತೋಟದಲ್ಲಿ ಒಬ್ಬ ಹುಡುಗ. ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಎರಡನೆಯ ಅಂಕದ ಎರಡನೆಯ ದೃಶ್ಯ ಅದು. ಸಿನಿಮಾದ ಹಾಡುಗಳಲ್ಲಿ, ಗ್ರೀಟಿಂಗ್ ಕಾರ್ಡುಗಳಲ್ಲಿ, ಶಾಲಾ ವಾರ್ಷಿಕೋತ್ಸವದ ನಗೆನಾಟಕಗಳಲ್ಲಿ ಅದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಕಡೆ ಬಸ್‌ಸ್ಟ್ಯಾಂಡಿನ ಹತ್ತಿರ ತಲೆ ಬಾಚಿಕೊಂಡು ನಿಂತ ಹುಡುಗನಿಗೆ ‘ರೋಮಿಯೋ’ ಎಂದು ಬೈಯುವ ಅಜ್ಜಿಯಂದಿರಿಗೆ ಆ ನಾಟಕದ ಹೆಸರೂ ಗೊತ್ತಿರುವುದಿಲ್ಲ. ರೋಮಿಯೋ ಹೀಗೆ ಕನ್ನಡದ ಬೈಗುಳಾದ. ಜೂಲಿಯೆಟ್ ಮಾತ್ರ ಯಾವ ಮಾತೂ ಆಗದೆ ಉಪ್ಪರಿಗೆಯ ಮೇಲೇ ಉಳಿದುಬಿಟ್ಟಳು. ಅವಳು ಅಲ್ಲಿ ನಿಂತು ಏನು ಹೇಳಿದಳು ಎಂದು ಕೇಳಿದರೆ ಹೇಳಬಲ್ಲವರು ವಿರಳ.

ನಾನು ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಕಲಿಸುವ ಹೈಸ್ಕೂಲು ಮೇಡಂ. ಸೊರಬ ತಾಲ್ಲೂಕಿನಲ್ಲಿ ಹಲವು ವರ್ಷ, ಆಮೇಲೆ ಶಿಕಾರಿಪುರದ ಕಡೆ. ಕೆಲವು ವರ್ಷಗಳ ಕೆಳಗೆ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪಠ್ಯದಲ್ಲಿ ಈ ನಾಟಕದ ಎರಡು ತುಣುಕುಗಳಿದ್ದವು. ನನ್ನ ಹಳೆಯ ವಿದ್ಯಾರ್ಥಿನಿಯರು ಸಂಜೆ ಹೊತ್ತು ಪುಸ್ತಕ ಹಿಡಿದು ಮನೆಗೆ ಬರುತ್ತಿದ್ದರು. ಆ ತುಣುಕುಗಳಲ್ಲಿ ಉಪ್ಪರಿಗೆಯ ದೃಶ್ಯ ಇರಲಿಲ್ಲ. ಹುಡುಗಿಯರಿಗೆ ಬೇಕಾಗಿದ್ದದ್ದು ಅದೇ. ಜಗಲಿಯಲ್ಲಿ ಕೂತು, ಕಡುಬಿಗೆ ಅಕ್ಕಿ ನೆನೆಹಾಕಿದ್ದನ್ನೂ ಮರೆತು, ಅದನ್ನು ಸಾಲುಸಾಲಾಗಿ ಓದಿ ಹೇಳಿದ್ದೇನೆ. ಓದಿದಷ್ಟೂ ಆ ದೃಶ್ಯ ಸಿನಿಮಾದವರು ತೋರಿಸಿದ್ದಕ್ಕಿಂತ ಬೇರೆಯಾಗಿ ಕಾಣತೊಡಗಿತು. ಅದರ ಹಿಂದಿನ ಚರಿತ್ರೆಯನ್ನು, ನಮ್ಮ ಸೀಮೆಯ ಚರಿತ್ರೆಯ ಪಕ್ಕದಲ್ಲಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆಯ ಸಂದರ್ಭ. ವೆರೋನಾ ಇಟಲಿಯ ಒಂದು ಊರು. ಅಲ್ಲಿ ಎರಡು ದೊಡ್ಡ ಮನೆತನಗಳಿಗೆ ಹಳೆಯ ಹಗೆ. ಒಂದು ಮನೆಯ ಹುಡುಗ ವೇಷ ಮರೆಸಿಕೊಂಡು ಇನ್ನೊಂದು ಮನೆಯ ಔತಣಕ್ಕೆ ಹೋಗುತ್ತಾನೆ, ಆ ಮನೆಯ ಮಗಳನ್ನು ಕಾಣುತ್ತಾನೆ. ಇಬ್ಬರಿಗೂ ಮನಸ್ಸಾದ ಮೇಲೆಯೇ ಅವಳು ಯಾರ ಮಗಳು, ಅವನು ಯಾರ ಮಗ ಎನ್ನುವುದು ತಿಳಿಯುವುದು. ಅದೇ ರಾತ್ರಿ ಅವನು ಗೆಳೆಯರಿಂದ ತಪ್ಪಿಸಿಕೊಂಡು ಗೋಡೆ ಹಾರಿ ಅವಳ ತೋಟಕ್ಕೆ ಇಳಿಯುತ್ತಾನೆ. ಅವಳು ಮೇಲೆ ಬಂದು ನಿಲ್ಲುತ್ತಾಳೆ. ಕೆಳಗೆ ಯಾರಾದರೂ ಇದ್ದಾರೆಂಬುದು ಅವಳಿಗೆ ಗೊತ್ತಿಲ್ಲ.

ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. ಜಗತ್ತೇ ಇದನ್ನು ‘ಬಾಲ್ಕನಿ ದೃಶ್ಯ’ ಎಂದು ಕರೆಯುತ್ತದೆ, ಆದರೆ ನಾಟಕದಲ್ಲಿ ‘ಬಾಲ್ಕನಿ’ ಎಂಬ ಪದವೇ ಇಲ್ಲ! ಅಲ್ಲಿರುವುದು ಕಿಟಕಿ. 1597 ಮತ್ತು 1599ರಲ್ಲಿ ಈ ನಾಟಕ ಅಚ್ಚಾದಾಗ ಇಂಗ್ಲೆಂಡಿನ ಸಾಮಾನ್ಯ ಓದುಗರಿಗೆ ಆ ಪದದ ಪರಿಚಯವಿರಲಿಲ್ಲ. 1679ರಲ್ಲಿ ಥಾಮಸ್ ಆಟ್ವೇ ಎಂಬ ನಾಟಕಕಾರ ಈ ಕಥೆಯನ್ನು ಪ್ರಾಚೀನ ರೋಮಿಗೆ ಒಯ್ದು ಬೇರೆ ನಾಟಕ ಬರೆದ. ಅದರಲ್ಲಿ ನಾಯಕಿಯನ್ನು ಬಾಲ್ಕನಿಯಲ್ಲಿ ನಿಲ್ಲಿಸಿದ. 1748ರಲ್ಲಿ ಡೇವಿಡ್ ಗ್ಯಾರಿಕ್ ಎಂಬ ಪ್ರಸಿದ್ಧ ನಟ ಶೇಕ್ಸ್‌ಪಿಯರನ ನಾಟಕವನ್ನು ತಿದ್ದಿ ಆಡಿಸಿದ ಮೇಲೆ ಅದು ದೀರ್ಘಕಾಲ ರಂಗದ ಮೇಲೆ ನಡೆಯಿತು, ಬಾಲ್ಕನಿ ಎಲ್ಲರ ಮನಸ್ಸಿನಲ್ಲಿ ಗಟ್ಟಿಯಾಯಿತು. ಇಂದು ವೆರೋನಾಕ್ಕೆ ಹೋದವರಿಗೆ ‘ಜೂಲಿಯೆಟ್‌ಳ ಮನೆ’ ಎಂದು ತೋರಿಸುವ ಕಟ್ಟಡಕ್ಕೆ ಆ ಬಾಲ್ಕನಿಯನ್ನು ಕೂಡಿಸಿದ್ದು 1930ರ ದಶಕದಲ್ಲಿ. ಕಲ್ಲು ಹಳೆಯದು, ಕೂಡಿಸಿದ್ದು ಹೊಸದು. ಜನ ನಂಬಿದ ಚಿತ್ರಕ್ಕೆ ತಕ್ಕಂತೆ ಮನೆ ಬದಲಾಯಿತು.

ಸೊರಬದ ಕಡೆಯ ಹಳೆಯ ಮನೆಯಲ್ಲಿ ಜೂಲಿಯೆಟ್ ಹುಟ್ಟಿದ್ದರೆ ಎಲ್ಲಿ ನಿಲ್ಲುತ್ತಿದ್ದಳು ಎಂದು ಹುಡುಗಿಯರನ್ನು ಕೇಳಿದ್ದೆ. ‘ಜಗಲಿಗೆ ಬಿಡೋಲ್ಲ ಮೇಡಂ, ಅಲ್ಲಿ ಅಜ್ಜ ಇರ್ತಾರೆ’ ಎಂದಳು ಒಬ್ಬಳು. ‘ಹಿತ್ತಲ ಬಾಗಿಲು’ ಎಂದಳು ಇನ್ನೊಬ್ಬಳು. ಸರಿಯಾದ ಉತ್ತರ. ಹೆಣ್ಣುಮಕ್ಕಳ ಮನಸ್ಸಿನ ಮಾತುಗಳು ನಮ್ಮಲ್ಲಿ ಹಿತ್ತಲಲ್ಲೇ ಆಗಿರುವುದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಾವಿಕಟ್ಟೆಯ ಹತ್ತಿರ. ಕಿಟಕಿಯೋ ಹಿತ್ತಲೋ, ಮುಖ್ಯವಾದದ್ದು ಅವಳು ತಾನೊಬ್ಬಳೇ ಇದ್ದೇನೆ ಎಂದುಕೊಂಡು ಬಾಯಿ ಬಿಟ್ಟದ್ದು.

ಹಾಗೆ ಬಾಯಿ ಬಿಟ್ಟು ಅವಳು ಕೇಳುವ ಮೊದಲ ಪ್ರಶ್ನೆಯನ್ನು ಬಹಳ ಜನ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಕಣ್ಣಿಗೆ ಕೈ ಅಡ್ಡ ಹಿಡಿದು ‘ರೋಮಿಯೋ, ಎಲ್ಲಿದ್ದೀಯ?’ ಎಂದು ಕತ್ತಲಲ್ಲಿ ಹುಡುಕುವಂತೆ ನಗೆನಾಟಕಗಳಲ್ಲಿ ಆಡುತ್ತಾರೆ. ಮೂಲದಲ್ಲಿರುವ ‘ವೇರ್‌ಫೋರ್’ ಎಂಬ ಹಳೆಯ ಇಂಗ್ಲಿಷ್ ಪದಕ್ಕೆ ‘ಎಲ್ಲಿ’ ಎಂಬ ಅರ್ಥವಿಲ್ಲ, ‘ಏತಕ್ಕೆ’ ಎಂದು ಅರ್ಥ. ಅವಳು ಅವನನ್ನು ಹುಡುಕುತ್ತಿಲ್ಲ. ನೀನು ಏತಕ್ಕಾದರೂ ಆ ಹೆಸರಿನವನಾದೆ, ಆ ಮನೆಯವನಾದೆ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಾಳೆ. ಒಂದು ಪದ ಹೀಗೆ ತಿರುಗಿದಾಗ ಇಡೀ ದೃಶ್ಯ ತಿರುಗುತ್ತದೆ. ಪ್ರಿಯನಿಗಾಗಿ ಕಾತರಿಸುವ ಹೆಣ್ಣಿನ ಜಾಗದಲ್ಲಿ ಕುಲ, ಮನೆತನ, ಹೆಸರು ಎನ್ನುವುದರ ಬುಡವನ್ನೇ ಪ್ರಶ್ನಿಸುವ ಹೆಣ್ಣು ಕಾಣುತ್ತಾಳೆ. ಹೆಸರು ಕೈಯೇ, ಕಾಲೇ, ಮುಖವೇ, ಮೈಯ ಯಾವ ಭಾಗ ಎಂದು ಅವಳು ಲೆಕ್ಕ ಹಾಕುತ್ತಾಳೆ. ನೀನು ನಿನ್ನ ಹೆಸರು ಬಿಡು, ಇಲ್ಲವಾದರೆ ನಾನು ನನ್ನದನ್ನು ಬಿಡುತ್ತೇನೆ ಎನ್ನುತ್ತಾಳೆ.

ಈ ಮಾತು ಓದುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ. ಪ್ರಣವೇಶ್ವರ ದೇವಾಲಯದ ಎದುರಿಗಿರುವ ಆ ಶಾಸನ 5ನೆಯ ಶತಮಾನದ್ದು; ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆ ನಮಗೆ ತಿಳಿದದ್ದು ಅದರಿಂದಲೇ. ದೊರೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರಿಗೂ ಬೇರೆ ರಾಜವಂಶಗಳಿಗೂ ಕೊಟ್ಟು ಸಂಬಂಧ ಬೆಳೆಸಿದ ಎಂಬುದೂ ಅದರಲ್ಲಿದೆ. ಆ ಮಕ್ಕಳನ್ನು ಕವಿ ಸೂರ್ಯನ ಕಿರಣಗಳಿಗೆ ಹೋಲಿಸುತ್ತಾನೆ, ಕಿರಣ ಮುಟ್ಟಿ ರಾಜಕುಲಗಳೆಂಬ ತಾವರೆಗಳು ಅರಳಿದವು ಎನ್ನುತ್ತಾನೆ. ಹೋಲಿಕೆ ಸೊಗಸಾಗಿದೆ. ಆದರೆ ಆ ಹೆಣ್ಣುಮಕ್ಕಳ ಹೆಸರು ಕಂಬದ ಮೇಲಿಲ್ಲ. ಸಂಬಂಧ ಕೂಡಿಸಿದವರು ಅವರು, ಕೆತ್ತಿಸಿಕೊಂಡವರು ಅಪ್ಪಂದಿರು. ತಾಳಿ ಕಟ್ಟಿದ ದಿನ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿಕೊಂಡ ನಮ್ಮ ಅಮ್ಮಂದಿರ ಕಾಲದವರನ್ನು ನೆನೆಯಿರಿ. ಹುಟ್ಟಿದ ಮನೆಯಲ್ಲಿ ಒಂದು ಹೆಸರು, ಹೊಕ್ಕ ಮನೆಯಲ್ಲಿ ಒಂದು. ಹೆಸರು ಬಿಡುವುದು ಹೆಣ್ಣಿಗೆ ನಮ್ಮಲ್ಲಿ ಹೊಸದೇನೂ ಆಗಿರಲಿಲ್ಲ. ನೀನೂ ಬಿಡು ಎಂದು ಗಂಡಿಗೆ ಹೇಳಿದ್ದು ಹೊಸದು. ಜೂಲಿಯೆಟ್ ಮೊದಲು ಹೇಳುವುದು ಅದನ್ನೇ.

ಅವನು ಮರೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆಂದು ತಿಳಿದಾಗ ಅವಳಿಗೆ ನಾಚಿಕೆಯಾಗುತ್ತದೆ. ಕತ್ತಲಿರದಿದ್ದರೆ ನನ್ನ ಕೆನ್ನೆ ಕೆಂಪಾದದ್ದು ನಿನಗೆ ಕಾಣುತ್ತಿತ್ತು ಎಂಬ ಅರ್ಥದ ಮಾತಾಡುತ್ತಾಳೆ. ಹೆಣ್ಣು ಬಿಂಕ ತೋರಬೇಕು, ಒಲ್ಲೆ ಒಲ್ಲೆ ಎನ್ನಬೇಕು, ಅದು ವಾಡಿಕೆ ಎಂಬುದು ಅವಳಿಗೆ ಗೊತ್ತು. ಆದರೆ ಮಾತು ಆಗಲೇ ಹೊರಬಿದ್ದಾಗಿದೆ. ಹಾಗಾಗಿ ಇನ್ನು ಬಿಂಕ ಬೇಡ ಎಂದು ಅವಳೇ ತೀರ್ಮಾನಿಸುತ್ತಾಳೆ. ಈ ಮಾತುಗಳನ್ನು ಅಂದಿನ ಲಂಡನ್ನಿನ ರಂಗದ ಮೇಲೆ ಆಡಿದ್ದು ಒಬ್ಬ ಹುಡುಗ. 1660ರವರೆಗೆ ಅಲ್ಲಿನ ವೃತ್ತಿರಂಗದಲ್ಲಿ ಹೆಣ್ಣು ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ಇದನ್ನು ಕೇಳಿ ಪೇಟೆಯ ಮಕ್ಕಳು ನಗಬಹುದು, ನಮ್ಮ ಮಕ್ಕಳು ನಗಲಿಲ್ಲ. ಯಕ್ಷಗಾನದ ಸ್ತ್ರೀವೇಷವನ್ನು ರಾತ್ರಿಯಿಡೀ ನೋಡಿ ಬೆಳೆದವರಿಗೆ, ಗಂಡಸಿನ ಗಂಟಲಿನಿಂದ ದ್ರೌಪದಿಯ ಅಳು ಕೇಳಿ ಕಣ್ಣೊರೆಸಿಕೊಂಡವರಿಗೆ ಅದರಲ್ಲಿ ವಿಚಿತ್ರವೇನಿದೆ?

ಇನ್ನು ದೃಶ್ಯದ ಉತ್ತರಾರ್ಧಕ್ಕೆ ಬರೋಣ. ನಾನು ಹೆಣ್ಣುಮಕ್ಕಳಿಗೆ ನಿಧಾನವಾಗಿ ಓದಿಸುವುದು ಇದನ್ನೇ. ರೋಮಿಯೋ ಆಕಾಶದಲ್ಲಿದ್ದಾನೆ, ಸೂರ್ಯ, ಚಂದ್ರ, ದೇವತೆ ಎಂದು ಉಪಮೆ ಹೊಸೆಯುತ್ತಿದ್ದಾನೆ. ಜೂಲಿಯೆಟ್ ನೆಲದ ಮೇಲಿದ್ದಾಳೆ. ಇಷ್ಟು ಎತ್ತರದ ಗೋಡೆ ಹೇಗೆ ಹತ್ತಿದೆ, ನಮ್ಮವರು ಕಂಡರೆ ಕೊಂದುಹಾಕುತ್ತಾರಲ್ಲ, ದಾರಿ ತೋರಿಸಿದವರು ಯಾರು ಎಂದು ಅವಳು ಕೇಳುತ್ತಾಳೆ. ಅವನು ಚಂದ್ರನ ಮೇಲೆ ಆಣೆ ಇಡಹೊರಟರೆ ಬೇಡ, ಅವನು ತಿಂಗಳಿಗೊಮ್ಮೆ ಬದಲಾಗುವವನು ಎಂದು ತಡೆಯುತ್ತಾಳೆ. ಇದೆಲ್ಲ ಬಹಳ ಅವಸರವಾಯಿತು, ಮಿಂಚಿನ ಹಾಗಾಯಿತು ಎಂಬ ಅಳುಕೂ ಅವಳದೇ. ಒಳಗಿನಿಂದ ದಾದಿ ಕರೆಯುತ್ತಾಳೆ; ಹೋಗುತ್ತಾಳೆ, ಮತ್ತೆ ಬರುತ್ತಾಳೆ; ಮತ್ತೆ ಕರೆಯುತ್ತಾಳೆ. ಆ ನಡುವೆ ಅವಳು ಹೇಳುವ ಮಾತು ಇಷ್ಟು: ನಿನ್ನ ಪ್ರೀತಿಯ ಉದ್ದೇಶ ಮದುವೆಯಾಗಿದ್ದರೆ ನಾಳೆ ಹೇಳಿ ಕಳಿಸು, ಎಲ್ಲಿ, ಎಷ್ಟು ಹೊತ್ತಿಗೆ ಎಂದು, ಅಲ್ಲವಾದರೆ ನನ್ನನ್ನು ನನ್ನ ಪಾಡಿಗೆ ಬಿಡು. ಎಷ್ಟು ಗಂಟೆಗೆ ಆಳು ಕಳಿಸಲಿ ಎಂದು ಕೇಳಿ ಒಂಬತ್ತು ಗಂಟೆಯೆಂದು ಗೊತ್ತುಮಾಡಿಕೊಳ್ಳುವವಳೂ ಅವಳೇ. ಜಗತ್ತಿನ ಅತಿ ಪ್ರಸಿದ್ಧ ಪ್ರೇಮದೃಶ್ಯದಲ್ಲಿ ಮದುವೆಯ ಪ್ರಸ್ತಾಪ ಮಾಡಿದ್ದು ಹೆಣ್ಣು. ಎರಡೂ ಕಡೆಯ ಹಿರಿಯರು ಕೂತು ಆಡಬೇಕಾದ ಮಾತನ್ನು ಒಬ್ಬಳೇ ಆಡಿ ಮುಗಿಸುತ್ತಾಳೆ.

ಅವಳ ವಯಸ್ಸೆಷ್ಟು ಗೊತ್ತೇ? ಹದಿನಾಲ್ಕು ತುಂಬಲು ಇನ್ನೂ ಎರಡು ವಾರ ಬಾಕಿ. ನಮ್ಮ ಎಂಟನೆಯ ತರಗತಿಯ ಹುಡುಗಿ. ಶೇಕ್ಸ್‌ಪಿಯರನಿಗೆ ಕಥೆ ಒದಗಿಸಿದ್ದು 1562ರಲ್ಲಿ ಆರ್ಥರ್ ಬ್ರೂಕ್ ಬರೆದ ಉದ್ದನೆಯ ಕಾವ್ಯ. ಅದರಲ್ಲಿ ಅವಳಿಗೆ ಹದಿನಾರು. ಅದಕ್ಕೂ ಹಿಂದೆ ಇಟಲಿಯ ಬ್ಯಾಂಡೆಲ್ಲೋ ಬರೆದ ಕಥೆಯಲ್ಲಿ ಹದಿನೆಂಟರ ಹತ್ತಿರ. ಶೇಕ್ಸ್‌ಪಿಯರ್ ಬೇಕೆಂದೇ ಇಳಿಸಿದ. ಕಥೆಯಲ್ಲಿ ತಿಂಗಳುಗಟ್ಟಲೆ ನಡೆದದ್ದನ್ನು ಒಂದು ವಾರದೊಳಗೆ ಬಿಗಿದ. ಭಾನುವಾರ ರಾತ್ರಿ ಕಂಡವರು ಸೋಮವಾರ ಗುಟ್ಟಾಗಿ ಮದುವೆಯಾಗುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಇಷ್ಟು ಚಿಕ್ಕ ವಯಸ್ಸಿಗೆ ಮದುವೆ ಸಾಮಾನ್ಯವಾಗಿತ್ತೆಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಚರ್ಚಿನ ದಾಖಲೆಗಳನ್ನು ಪರಿಶೀಲಿಸಿದ ಚರಿತ್ರಕಾರರು ಅಲ್ಲಿನ ಸಾಮಾನ್ಯ ಹೆಣ್ಣುಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಮದುವೆಯಾಗುತ್ತಿದ್ದರೆಂದು ತೋರಿಸಿದ್ದಾರೆ. 1582ರಲ್ಲಿ ಶೇಕ್ಸ್‌ಪಿಯರನ ಕೈಹಿಡಿದ ಆ್ಯನ್ ಹ್ಯಾಥವೇಗೂ ಇಪ್ಪತ್ತಾರು. ಅವನ ಹಿರಿಯ ಮಗಳು ಸುಸಾನ ಹುಟ್ಟಿದ್ದು 1583ರಲ್ಲಿ. ನಾಟಕ ಬರೆದದ್ದು 1595ರ ಸುಮಾರಿಗೆ. ಮನೆಯಲ್ಲಿ ಹನ್ನೆರಡರ ಮಗಳಿದ್ದ ಅಪ್ಪ ಹದಿಮೂರರ ಹುಡುಗಿಯ ಕಥೆ ಬರೆದ. ಅವನ ಪ್ರೇಕ್ಷಕರಿಗೂ ಆ ವಯಸ್ಸು ಎದೆಗೆ ಚುಚ್ಚಿರಲೇಬೇಕು.

ಈ ನಾಟಕ ಕನ್ನಡಕ್ಕೆ ಬಂದಾಗ ಪರಿಸ್ಥಿತಿ ತಿರುವುಮುರುವು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ ಎಂದು ರೂಪಾಂತರಿಸಿದರು. ಸಾವಿನಲ್ಲಿ ಮುಗಿಯುವ ನಾಟಕ ನಮ್ಮ ಪ್ರೇಕ್ಷಕರಿಗೆ ಒಗ್ಗುತ್ತಿರಲಿಲ್ಲ. ಮಂಗಳ ಹಾಡದೆ ಪರದೆ ಬೀಳುವುದುಂಟೇ? ಹಾಗಾಗಿ ಅಲ್ಲಿ ಪ್ರೇಮಿಗಳು ದೈವಕೃಪೆಯಿಂದ ಬದುಕುತ್ತಾರೆ. ಹೀಗೆ ಹೊರಗಿನ ನಾಟಕವನ್ನು ನಮ್ಮದಾಗಿ ಮಾಡಿಕೊಳ್ಳುವುದು ಮುಂದೆಯೂ ನಡೆಯಿತು; ‘ಹ್ಯಾಮ್ಲೆಟ್’ ಅನ್ನು ಕುವೆಂಪು ಅವರು ‘ರಕ್ತಾಕ್ಷಿ’ಯಲ್ಲಿ ನಮ್ಮ ಪಕ್ಕದ ಬಿದನೂರಿಗೇ ತಂದರು. ಆದರೆ ಆ ಹೊತ್ತಿನ ಕನ್ನಡ ನಾಡಿನಲ್ಲಿ ಹದಿಮೂರರ ಹುಡುಗಿ ಎಂದರೆ ಅನೇಕ ಮನೆಗಳಲ್ಲಿ ಆಗಲೇ ಮದುವೆಯಾದವಳು. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾಯ್ದೆ ತಂದಿತು. ಅದು ತಡೆದದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು! ಜೊತೆಗೆ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದಿತು. ಕಾಯ್ದೆ ಏನನ್ನು ತಡೆಯುತ್ತದೋ ಅದು ನಡೆಯುತ್ತಿತ್ತು ಎಂದೇ ಅರ್ಥ. ಅಂದಿನ ದೃಷ್ಟಿಗೆ ಅದೇ ದೊಡ್ಡ ಹೆಜ್ಜೆ.

ಶಿಕಾರಿಪುರ, ಸೊರಬ ಎರಡೂ ಮೈಸೂರು ಸೀಮೆಯ ಗಡಿ ತಾಲ್ಲೂಕುಗಳು. ಆಚೆಗೆ ಹಿರೇಕೆರೂರು, ಹಾನಗಲ್ಲು, ಬನವಾಸಿ ಎಲ್ಲ ಮುಂಬಯಿ ಪ್ರಾಂತ್ಯ. 1930ರ ಏಪ್ರಿಲಿನಲ್ಲಿ ಶಾರದಾ ಕಾಯ್ದೆ ಜಾರಿಯಾಗಿ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದಾಯಿತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಒಂದೇ ಭಾಷೆ, ಒಂದೇ ಜಾತ್ರೆ, ಒಂದೇ ಬಳಗ. ಗಡಿಯ ಎರಡು ಕಡೆ ಹುಡುಗಿಯ ಬಾಲ್ಯಕ್ಕೆ ಎರಡು ಅಳತೆ. ಸ್ವಾತಂತ್ರ್ಯದ ನಂತರ 1955ರ ಹಿಂದೂ ವಿವಾಹ ಕಾಯ್ದೆ ಹದಿನೈದು ಎಂದಿತು, 1978ರಲ್ಲಿ ಅದು ಹದಿನೆಂಟಾಯಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷ ಬೇಕಾಯಿತು.

ಹಾಗಾದರೆ ತನ್ನ ಮದುವೆಯ ಮಾತನ್ನು ತಾನೇ ಆಡಿದ ಹುಡುಗಿ ನಮ್ಮ ಸೀಮೆಯಲ್ಲಿ ಇರಲೇ ಇಲ್ಲವೇ? ಇದ್ದಳು, ಜೂಲಿಯೆಟ್‌ಗಿಂತ ನಾನೂರು ವರ್ಷ ಮೊದಲೇ. ಶಿಕಾರಿಪುರದಿಂದ ಸ್ವಲ್ಪ ದೂರದ ಉಡುತಡಿಯ ಮಹಾದೇವಿ. ಹರಿಹರನ ರಗಳೆಯ ಪ್ರಕಾರ, ಮೆರವಣಿಗೆಯಲ್ಲಿ ಹೋಗುತ್ತಿದ್ದ ದೊರೆ ಕೌಶಿಕ ಅವಳನ್ನು ಕಂಡು ಮೋಹಗೊಂಡ. ಇಲ್ಲಿ ಗೋಡೆ ಹಾರುವ ಪ್ರಮೇಯವಿಲ್ಲ. ಅರಸನಿಗೆ ಎಲ್ಲ ಬಾಗಿಲೂ ತೆರೆದದ್ದೇ. ಮಂತ್ರಿಗಳು ಬಂದು ತಂದೆತಾಯಿಯನ್ನು ಹೆದರಿಸಿದರು. ಹೆತ್ತವರಿಗೆ ಕೇಡಾಗದಿರಲೆಂದು ಅವಳು ಒಪ್ಪಿದಳು, ಆದರೆ ಕರಾರು ಹಾಕಿ ಒಪ್ಪಿದಳು: ಶಿವಪೂಜೆ, ಶಿವಶರಣರ ಗೋಷ್ಠಿ, ಗುರುಸೇವೆ ಇವು ನನ್ನ ಇಷ್ಟದಂತೆ ನಡೆಯಬೇಕು, ಮೂರು ತಪ್ಪನ್ನು ಸೈರಿಸುತ್ತೇನೆ, ಆಮೇಲೆ ಇರುವುದಿಲ್ಲ. ಅವನು ತಪ್ಪಿದ, ಅವಳು ಹೊರಟಳು, ಶ್ರೀಶೈಲದ ದಾರಿ ಹಿಡಿದಳು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಮದುವೆಯೇ ನಡೆಯುವುದಿಲ್ಲ. ವಿದ್ವಾಂಸರು ಈ ಬಗ್ಗೆ ಇಂದಿಗೂ ವಾದಿಸುತ್ತಾರೆ. ನನಗೆ ಮುಖ್ಯವೆನಿಸುವುದು ಇಬ್ಬರು ಕವಿಗಳೂ ಅವಳ ಬಾಯಿಂದ ಮಾತನ್ನು ಕಸಿದುಕೊಳ್ಳಲಿಲ್ಲ ಎಂಬುದು.

ಜೂಲಿಯೆಟ್‌ಳದು ಲೌಕಿಕದ ಒಲವು, ಅಕ್ಕನದು ಚೆನ್ನಮಲ್ಲಿಕಾರ್ಜುನನ ಒಲವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ದುಸ್ಸಾಹಸ ನನ್ನದಲ್ಲ. ಆದರೆ ಇಬ್ಬರೂ ಒಂದು ಕೆಲಸ ಮಾಡಿದರು. ಮೋಹದ ಮಾತಿನ ಎದುರಿಗೆ ನಿಂತು, ಷರತ್ತೇನು ಎಂದು ಕೇಳಿದರು. ಅಕ್ಕನಿಗೆ ಹೊರಟುಹೋಗಲು ಒಂದು ದಾರಿ ಇತ್ತು, ದಾರಿಯ ಕೊನೆಗೆ ಅವಳನ್ನು ಅಕ್ಕ ಎಂದು ಕರೆಯುವ ಶರಣರಿದ್ದರು. ಜೂಲಿಯೆಟ್‌ಗೆ ಉಪ್ಪರಿಗೆಯಿಂದ ಇಳಿದರೆ ಹೋಗಲು ಎಲ್ಲಿಯೂ ಜಾಗವಿರಲಿಲ್ಲ.

ಅವಳ ಅಪ್ಪ ಮೊದಮೊದಲು ಕೆಟ್ಟವನಲ್ಲ. ಉಳಿದ ಮಕ್ಕಳನ್ನು ಮಣ್ಣಿಗೆ ಕೊಟ್ಟು ಇವಳೊಬ್ಬಳನ್ನು ಉಳಿಸಿಕೊಂಡವನು. ಹೆಣ್ಣು ಕೇಳಲು ಬಂದ ಪ್ಯಾರಿಸ್ ಎಂಬ ವರನಿಗೆ, ಇನ್ನೆರಡು ಬೇಸಿಗೆ ಕಳೆಯಲಿ, ಅವಳ ಮನಸ್ಸನ್ನೂ ಕೇಳು ಎನ್ನುತ್ತಾನೆ. ಅದೇ ಅಪ್ಪ ಮೂರೇ ದಿನದಲ್ಲಿ ಅದೇ ವರನಿಗೆ ಮದುವೆ ಗೊತ್ತುಮಾಡಿ, ಮಗಳು ಒಲ್ಲೆನೆಂದಾಗ ಬೀದಿಗೆ ಹಾಕುತ್ತೇನೆ ಎಂದು ಗುಡುಗುತ್ತಾನೆ. ಅಮ್ಮ ಮುಖ ತಿರುಗಿಸುತ್ತಾಳೆ. ಎತ್ತಿ ಆಡಿಸಿದ ದಾದಿಯೂ, ಸುಮ್ಮನೆ ಆ ವರನನ್ನೇ ಮಾಡಿಕೊ ಎನ್ನುತ್ತಾಳೆ. ಉಪ್ಪರಿಗೆಯಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ ಹುಡುಗಿಗೆ ನಡುಮನೆಯಲ್ಲಿ ಮಾತಾಡಲು ಯಾರೂ ಉಳಿಯುವುದಿಲ್ಲ. ಸತ್ತಂತೆ ಮಲಗಿಸುವ ಮದ್ದು ಕುಡಿಯುತ್ತಾಳೆ. ಅದು ನಿಜವಾದ ಸಾವಲ್ಲ ಎಂದು ರೋಮಿಯೋಗೆ ತಿಳಿಸಬೇಕಾದ ಪತ್ರ ಅವನಿಗೆ ತಲುಪುವುದಿಲ್ಲ. ಕಾರಣ ಪ್ಲೇಗು. ಪತ್ರ ಒಯ್ಯುತ್ತಿದ್ದ ಸನ್ಯಾಸಿಯನ್ನು ರೋಗದ ಶಂಕೆಯಿಂದ ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಲಂಡನ್ನಿನ ಜನಕ್ಕೆ ಇದು ಕಲ್ಪನೆಯಾಗಿರಲಿಲ್ಲ; 1592ರಿಂದ ಎರಡು ವರ್ಷ ಪ್ಲೇಗಿನಿಂದ ಅಲ್ಲಿನ ನಾಟಕಶಾಲೆಗಳು ಬಹುಪಾಲು ಮುಚ್ಚಿದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಮೈಸೂರು ಸಂಸ್ಥಾನದ ಜನಕ್ಕೂ ಅದು ಬಿಡಿಸಿ ಹೇಳಬೇಕಾದ ವಿಷಯವಾಗಿರಲಿಲ್ಲ. 2020ರಲ್ಲಿ ಬೀದಿಗೆ ಬೊಂಬು ಕಟ್ಟಿದ್ದನ್ನು ಕಂಡ ನನ್ನ ವಿದ್ಯಾರ್ಥಿನಿಯರಿಗೂ ಅಷ್ಟೇ. ಆ ವರ್ಷ ಶಾಲೆ ಮುಚ್ಚಿ ಮತ್ತೆ ತೆರೆದಾಗ ಬೆಂಚಿನಲ್ಲಿ ಖಾಲಿಯಾಗಿದ್ದ ಜಾಗಗಳನ್ನು ಎಣಿಸಿದ ಮೇಷ್ಟರು, ಮೇಡಂಗಳು ನಮ್ಮಲ್ಲಿ ಅನೇಕರಿದ್ದಾರೆ.

ಇಷ್ಟೆಲ್ಲ ಕೇಳಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ಪ್ರೀತಿಯ ಬಗ್ಗೆ ಅಲ್ಲ. ‘ಮೇಡಂ, ಅವಳು ಹೇಳಿದ್ದನ್ನ ಮನೇಲಿ ಒಬ್ರಾದ್ರೂ ಕೇಳಿಸ್ಕೊಂಡಿದ್ರೆ ಸಾಯ್ತಿರ್ಲಿಲ್ಲ ಅಲ್ವಾ?’ ವಿಮರ್ಶಕರು ವಿಧಿ, ನಕ್ಷತ್ರ, ಆಕಸ್ಮಿಕ ಎಂದು ಪುಟಗಟ್ಟಲೆ ಬರೆದಿದ್ದಾರೆ. ಅವಳು ಕೈಯಿಟ್ಟದ್ದು ಸರಿಯಾದ ಜಾಗಕ್ಕೆ. ಆಕೆಯ ಅಕ್ಕನಿಗೆ ಆ ಬೇಸಿಗೆಯಲ್ಲಿ ಗಂಡು ನೋಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಕ್ಕನಿಗೆ ಹದಿನೇಳು, ಓದುವ ಆಸೆ. ನಾನು ಅವರ ಮನೆಗೆ ಹೋಗಿ ಕೂತೆ. ಕಾಯ್ದೆಯ ಮಾತು ಮೊದಲು ಎತ್ತಲಿಲ್ಲ. ಚಹಾ ಕುಡಿದು, ಅಡಿಕೆ, ಶುಂಠಿಯ ರೇಟು ಮಾತಾಡಿ, ಕೊನೆಗೆ ‘ಹುಡುಗಿ ಏನಂತಾಳೆ?’ ಎಂದು ಕೇಳಿದೆ. ಅವಳಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳನ್ನ ಕೇಳ್ಲಿಲ್ಲ’ ಎಂದರು. ಆಮೇಲೆ ಒಳಗೆ ನೋಡಿ ಮಗಳನ್ನು ಕರೆದರು. ಮಾತು ಅಲ್ಲಿಂದ ಶುರುವಾಯಿತು. ಆ ವರ್ಷ ಮದುವೆಯಾಗಲಿಲ್ಲ, ಕಾಲೇಜಿಗೆ ಸೇರಿದಳು.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಮಾಡಿದೆ. ಅದು ನಮ್ಮ ಕೈಯಲ್ಲಿರುವ ಗಟ್ಟಿ ಕೋಲು, ಬೇಕಾದಾಗ ಹಿಡಿಯಲೇಬೇಕು. ಆದರೆ ಕಾಯ್ದೆ ಬಾಗಿಲ ತನಕ ಬರುತ್ತದೆ. ನಡುಮನೆಯಲ್ಲಿ ಮಗಳ ಮಾತಿಗೆ ಕಿವಿಗೊಡುವವರು ಮನೆಯವರೇ ಆಗಬೇಕು. ಗೆಳತಿಯರೇ, ನಿಮ್ಮ ಮನೆಯ ಹುಡುಗಿ ಆ ನಾಟಕ ಓದುತ್ತೇನೆಂದರೆ ‘ಲವ್ ಕಥೆ ಬೇಡ’ ಎಂದು ಪುಸ್ತಕ ಕಿತ್ತಿಡಬೇಡಿ. ಪಕ್ಕದಲ್ಲಿ ಕೂತು ನೀವೂ ಓದಿ. ಚಂದ್ರನ ಮೇಲೆ ಆಣೆ ಬೇಡ ಎಂದು ಅವಳು ಹೇಳುವ ಜಾಗದಲ್ಲಿ ನಿಲ್ಲಿಸಿ, ಇದು ನಿನಗೆ ಏನನ್ನಿಸುತ್ತದೆ ಎಂದು ಕೇಳಿ. ಅವಳು ಹೇಳುವಷ್ಟು ಹೊತ್ತು ಒಲೆಯ ಮೇಲಿನ ಹಾಲನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ.